ಹೊಸ ಗಾಡಿ ಕೈಕೊಟ್ರೆ ಕಾನೂನು ಏನು ಹೇಳ್ತದೆ?

ಹೊಸ ಗಾಡಿ ತಂದ ದಿನ ನಮ್ಮ ಕಡೆ ಮೊದಲು ಹೋಗೋದು ಗಾಣಗಾಪುರಕ್ಕೆ. ದತ್ತಾತ್ರೇಯನ ಗುಡಿ ಹತ್ತಿರ ಗಾಡಿ ನಿಲ್ಲಿಸಿ, ಹ್ಯಾಂಡಲ್‌ಗೆ ಹಾರ ಹಾಕಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಅದರ ಮೇಲೆ ಗಾಡಿ ಹಾಯಿಸಿದರೆ ಅರ್ಧ ಭಯ ಹೋದ ಹಾಗೆ. ತಮಾಷೆ ಏನಂದ್ರೆ, ಅಮೆರಿಕದಲ್ಲಿ ಕೆಟ್ಟು ಬಂದ ಹೊಸ ಗಾಡಿಯನ್ನೇ ನಿಂಬೆಹಣ್ಣು ಅಂತ ಕರೀತಾರೆ. ಅಂಥ ಗಾಡಿ ಕೊಂಡವರನ್ನು ಕಾಪಾಡೋ ಕಾನೂನಿಗೆ ಅಲ್ಲಿ ಹೆಸರೇ ‘ಲೆಮನ್ ಲಾ’. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು ತಂದಿತು, ಆಮೇಲೆ ಉಳಿದ ರಾಜ್ಯಗಳೂ ಹಿಂಬಾಲಿಸಿದವು. ಒಂದೇ ದೋಷಕ್ಕೆ ಮೂರ್ನಾಲ್ಕು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ, ಅಥವಾ ಗಾಡಿ ಒಟ್ಟು ಸುಮಾರು 30 ದಿನ ವರ್ಕ್‌ಶಾಪಿನಲ್ಲೇ ಕೂತರೆ, ಕಂಪನಿ ಬೇರೆ ಗಾಡಿ ಕೊಡಬೇಕು ಇಲ್ಲವೇ ದುಡ್ಡು ವಾಪಸ್ ಮಾಡಬೇಕು. ಅಲ್ಲಿನ ಲೆಕ್ಕ ಸ್ಥೂಲವಾಗಿ ಹೀಗೆ.

ನಮ್ಮ ದೇಶದಲ್ಲಿ ಹೀಗೆ ಎಣಿಸಿ ಹೇಳುವ ಪ್ರತ್ಯೇಕ ಕಾನೂನು ಇಲ್ಲ. ಹಾಗಂತ ಕೊಂಡವನಿಗೆ ದಿಕ್ಕೇ ಇಲ್ಲ ಅಂತಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದೆ, ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ಸೇರಿಸಿದ ರೀಕಾಲ್ ಕಲಂ ಇದೆ. ಆದರೆ ಎಷ್ಟು ಸಲ ಗಾಡಿ ಕೆಟ್ಟಿತು, ಏನು ಕೆಟ್ಟಿತು ಅನ್ನೋದನ್ನ ತೋರಿಸಿಕೊಡೋ ಭಾರ ನಮ್ಮ ತಲೆ ಮೇಲೆ.

ನಾನು ಇದನ್ನೆಲ್ಲ ಓದಿದ್ದು ಸಿಲೆಬಸ್ಸಿಗಾಗಿ ಅಲ್ಲ, ನಮ್ಮ ಕಾಕಾನ ಬೈಕಿಗಾಗಿ.

ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ ಕಾಕಾ ಕಿರಾಣಿ ಅಂಗಡಿ ನಡೆಸ್ತಾರೆ. ಸಂಕ್ರಾಂತಿ ಹೊತ್ತಿಗೆ ಸಾಲ ಮಾಡಿ ಕಲಬುರಗಿಯ ಒಂದು ಶೋರೂಮಿನಿಂದ 125 ಸಿಸಿ ಬೈಕ್ ತಂದ್ರು. ಎರಡು ತಿಂಗಳು ಚೆನ್ನಾಗಿತ್ತು. ಮಾರ್ಚ್ ಬಿಸಿಲು ಏರಿದಾಗ ಗಾಡಿ ನಡುದಾರಿಯಲ್ಲಿ ತಾನೇ ತಾನಾಗಿ ಬಂದ್ ಬೀಳೋಕೆ ಶುರುವಾಯ್ತು. ಕಿಕ್ ಹೊಡೆದರೂ ಇಲ್ಲ, ಸೆಲ್ಫ್ ಹಾಕಿದರೂ ಇಲ್ಲ. ಬೇವಿನ ಗಿಡದ ನೆರಳಿಗೆ ತಳ್ಳಿಕೊಂಡು ಹೋಗಿ ಸ್ವಲ್ಪ ಹೊತ್ತು ಕೂತರೆ ಮತ್ತೆ ಏನೂ ಆಗದವರ ಹಾಗೆ ಸ್ಟಾರ್ಟ್. ಒಂದು ಸಲ ಕಬ್ಬಿನ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡುವಾಗಲೇ ಬಂದ್ ಬಿತ್ತು. ಎದುರಿಂದ ಲಾರಿ. ಕಾಕಾ ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿಸಿ ಉಳಿದುಕೊಂಡ್ರು. ಆ ಮೇಲೆ ಕಾಕು ಅವರನ್ನ ಬೈಕ್ ಮೇಲೆ ಒಬ್ಬರನ್ನೇ ಕಳಿಸೋದನ್ನ ಬಿಟ್ಟರು.

ಸರ್ವಿಸ್ ಸೆಂಟರಿಗೆ ಐದು ಸಲ ಹೋದ್ರು. ಪ್ರತಿ ಸಲವೂ ಅಂಗಡಿ ಬಾಗಿಲು ಹಾಕಿ ಹೋಗಬೇಕು. ಅಲ್ಲಿ ಗಾಡಿ ತಣ್ಣಗಾಗಿರ್ತದೆ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದೆ. “ಗಾಡಿ ಬರಾಬರ್ ಅದರಿ. ಹಳ್ಳಿ ಪೆಟ್ರೋಲ್ ಹಾಕಸ್ತೀರಿ, ಅದಕ್ಕ ಹಂಗ” ಅನ್ನೋ ಉತ್ತರ. ರಜೆಗೆ ಊರಿಗೆ ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ: “ಕಾಕಾ, ಜಾಬ್ ಕಾರ್ಡ್ ಎಲ್ಲಿ ಇಟ್ಟೀರಿ?”

“ಎರಡು ಅದಾವ ನೋಡು ತಮ್ಮಾ. ಉಳಿದ ಮೂರು ಸಲ ‘ಹಂಗೇ ಚೆಕ್ ಮಾಡಿ ಕೊಡ್ತೀವಿ ಬಿಡ್ರಿ’ ಅಂದ್ರು.”

ಕಾಕಾ ಐದು ಸಲ ಹೋಗಿದ್ದರೂ ಕಾಗದದ ಮೇಲೆ ಹೋಗಿದ್ದು ಎರಡೇ ಸಲ. ಆ ಎರಡರಲ್ಲೂ ಒಂದರ ಮೇಲೆ ದೂರಿನ ಜಾಗದಲ್ಲಿ ‘ಜನರಲ್ ಚೆಕಪ್’ ಅಂತ ಬರೆದಿದ್ರು. ಆಯೋಗದ ಮುಂದೆ ಹೋದರೆ ಎದುರುದಾರರ ವಕೀಲರಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಬೇಕಿಲ್ಲ.

ಸಿಟ್ಟಿನ ಲೆಕ್ಕ

ಇಂಥ ಸಿಟ್ಟು ಎಲ್ಲಿಗೆ ಒಯ್ಯುತ್ತದೆ ಅನ್ನೋದನ್ನ ನಮ್ಮ ಜಿಲ್ಲೆಯೇ ಇಡೀ ದೇಶಕ್ಕೆ ತೋರಿಸಿದೆ. 2024ರ ಸೆಪ್ಟೆಂಬರ್ 10ರಂದು ಕಲಬುರಗಿಯ ಓಲಾ ಎಲೆಕ್ಟ್ರಿಕ್ ಶೋರೂಮಿಗೆ ಒಬ್ಬ ಯುವಕ ಪೆಟ್ರೋಲ್ ಹಾಕಿ ಬೆಂಕಿ ಹಚ್ಚಿದ. ಅದಕ್ಕೂ ಕೆಲವೇ ದಿನ ಮುಂಚೆ, ಆಗಸ್ಟ್ ಕೊನೆಗೆ, ಅಲ್ಲೇ ಸ್ಕೂಟರ್ ಕೊಂಡಿದ್ದ. ಕೊಂಡ ಒಂದೆರಡು ದಿನಕ್ಕೇ ತೊಂದರೆ ಶುರುವಾಗಿ, ಶೋರೂಮಿಗೆ ಅಲೆದು ಸಾಕಾಗಿ ಹೀಗೆ ಮಾಡಿದ ಅಂತ ಪೊಲೀಸರು ಹೇಳಿದ್ರು. ಆರು ಗಾಡಿ, ಕಂಪ್ಯೂಟರ್ ಎಲ್ಲ ಸುಟ್ಟು ಸುಮಾರು 8.5 ಲಕ್ಷ ರೂಪಾಯಿ ನಷ್ಟ ಅಂತ ಅಂದಾಜಾಯ್ತು. ಅವನು ವೃತ್ತಿಯಿಂದ ಮೆಕಾನಿಕ್. ಗಾಡಿಯ ತಪ್ಪು ನಮಗಿಂತ ಚೆನ್ನಾಗಿ ಗೊತ್ತಾಗುವವನು. ಸುದ್ದಿ ಬಂದ ದಿನ ನಮ್ಮ ಹಾಸ್ಟೆಲ್ಲಿನಲ್ಲಿ ಎಷ್ಟೋ ಜನ ಅವನ ಪರ ಮಾತಾಡಿದ್ರು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಆದರೆ ದೂರು ಕೊಡಬೇಕಾದವನು ಒಂದೇ ದಿನದಲ್ಲಿ ಆರೋಪಿಯಾದ. ಗಾಡಿಯ ಬೆಲೆ 5 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೇ ಇಲ್ಲ. ಒಂದು ಪೈಸೆಯೂ ಇಲ್ಲ.

ಅವನೊಬ್ಬನ ಗೋಳೂ ಅಲ್ಲ ಅದು. 2023ರ ಸೆಪ್ಟೆಂಬರಿನಿಂದ 2024ರ ಆಗಸ್ಟ್ ಕೊನೆವರೆಗೆ ಅದೇ ಕಂಪನಿ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರು ಬಂದಿದ್ದವು. ಬೆಂಕಿಯ ತಿಂಗಳ ನಂತರ, ಅಕ್ಟೋಬರಿನಲ್ಲಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಕಂಪನಿ ತನ್ನ ಕಡೆಯಿಂದ ಶೇಕಡಾ 99.1ರಷ್ಟು ದೂರು ಬಗೆಹರಿಸಿದ್ದೇವೆ ಎಂದಿತು. ನೋಟಿಸಿನ ಹಿಂದೆ ಇದ್ದದ್ದು ಸಹಾಯವಾಣಿಯಲ್ಲಿ ದಾಖಲಾದ ಆ ದೂರುಗಳು. 1915ಕ್ಕೆ ಮಾಡುವ ಒಂದು ಫೋನ್ ಕಾಲ್ ಎಲ್ಲಿಗೂ ಮುಟ್ಟೋದಿಲ್ಲ ಅಂತ ಅನಿಸುತ್ತಲ್ಲ, ಹಾಗೇನಿಲ್ಲ. ಅಲ್ಲಿ ಸಿಗುವ ಡಾಕೆಟ್ ನಂಬರೂ ನಿಮ್ಮ ಫೈಲಿಗೆ ಒಂದು ಕಾಗದ.

ದೋಷ ಅಂದ್ರೆ ಯಾವುದು?

ಕಾಯ್ದೆಯ ಪ್ರಕಾರ ದೋಷ ಅಂದ್ರೆ ಗುಣಮಟ್ಟ, ಪ್ರಮಾಣ, ಶುದ್ಧತೆ ಇತ್ಯಾದಿಗಳಲ್ಲಿ ಇರಬೇಕಾದ ಮಟ್ಟಕ್ಕಿಂತ ಕಡಿಮೆ ಇರುವುದು. ಆ ಮಟ್ಟ ಕಾನೂನು ಹೇಳಿದ್ದಿರಬಹುದು, ಒಪ್ಪಂದದಲ್ಲಿ ಇದ್ದದ್ದಿರಬಹುದು, ಮಾರುವವನು ಬಾಯಿ ತುಂಬ ಹೇಳಿಕೊಂಡದ್ದೂ ಇರಬಹುದು. ಆಯೋಗಕ್ಕೆ ಇದು ಮನವರಿಕೆಯಾದರೆ ದೋಷ ಸರಿಮಾಡಿಸು, ಗಾಡಿ ಬದಲಿಸು, ಬಡ್ಡಿ ಸಮೇತ ದುಡ್ಡು ವಾಪಸ್ ಕೊಡು, ಪರಿಹಾರ ಕೊಡು, ಇದರಲ್ಲಿ ಯಾವುದನ್ನಾದರೂ ಆದೇಶಿಸಬಹುದು.

‘ಯಾವುದನ್ನಾದರೂ’ ಅನ್ನೋ ಪದವೇ ಬಹಳ ಜನಕ್ಕೆ ಅರ್ಥವಾಗಿರೋದಿಲ್ಲ. ನಮ್ಮ ಕಾಕಾನ ಪಟ್ಟು ಒಂದೇ: “ಹೊಸ ಗಾಡಿ ಕೊಡ್ಲಿ, ಇಲ್ಲಂದ್ರ ರೊಕ್ಕಾ ಕೊಡ್ಲಿ.” 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆ ನೋಡಿತು. ವಾರಂಟಿ ಹೇಳೋದು ಕೆಟ್ಟ ಭಾಗವನ್ನು ಬದಲಿಸುವ ಬಗ್ಗೆ. ಇಡೀ ಕಾರನ್ನೇ ಬದಲಿಸಿ ಅನ್ನೋಕೆ ಅಷ್ಟು ಸಾಲದು ಎಂದಿತು. ನಂತರ 2010ರ ಫಿಯಟ್ ಇಂಡಿಯಾ ಪ್ರಕರಣದಲ್ಲಿ ಸ್ವತಂತ್ರ ತಾಂತ್ರಿಕ ಪರಿಣತರು ಕಾರನ್ನು ನೋಡಲಿ, ತಯಾರಿಕೆಯಲ್ಲೇ ಹುಟ್ಟಿದ ದೋಷ ಅಂತ ಅವರು ಹೇಳಿದರೆ ಬೆಲೆ ಮತ್ತು ಜೀವಿತಾವಧಿ ತೆರಿಗೆ ಬಡ್ಡಿ ಸಮೇತ ವಾಪಸ್ ಅಂತ ದಾರಿ ಹಾಕಿತು. ಅಂದ್ರೆ ಒಂದು ಭಾಗ ಬದಲಿಸಿದರೆ ಹೋಗುವ ತೊಂದರೆಗೆ ಒಂದು ಪರಿಹಾರ, ಏನು ಮಾಡಿದರೂ ಹೋಗದ ತೊಂದರೆಗೆ ಇನ್ನೊಂದು. ಕೇಳೋದು ದೋಷದ ಅಳತೆಗೆ ತಕ್ಕ ಹಾಗಿರಬೇಕು. ನನಗೆ ಇದು ನ್ಯಾಯವಾಗೇ ಕಾಣುತ್ತದೆ, ಕಾಕಾನಿಗೆ ಕಾಣೋದಿಲ್ಲ.

2019ರ ಕಾಯ್ದೆಯಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಅಂತ ಹೊಸ ಅಧ್ಯಾಯವೇ ಇದೆ. ಮೆಷಿನ್ ಡ್ರಾಯಿಂಗ್ ಬರೆದವರಿಗೆ ಅದು ಬೇಗ ತಿಳಿಯುತ್ತದೆ. ಡ್ರಾಯಿಂಗ್ ಸರಿಯಿದ್ದು ತಯಾರಿಯಲ್ಲಿ ತಪ್ಪಿದರೆ ತಯಾರಿಕಾ ದೋಷ, ಡ್ರಾಯಿಂಗೇ ತಪ್ಪಿದ್ದರೆ ವಿನ್ಯಾಸ ದೋಷ, ಎಚ್ಚರಿಕೆ ಬರೆಯಬೇಕಾದಲ್ಲಿ ಬರೆಯದಿದ್ದರೆ ಅದೂ ತಯಾರಕನ ಹೊಣೆಯೇ. ಆದರೆ ಈ ಅಧ್ಯಾಯ ಇರೋದು ಗಾಡಿಯಿಂದ ಮನುಷ್ಯನಿಗೆ ಅಥವಾ ಬೇರೆ ಆಸ್ತಿಗೆ ಹಾನಿಯಾದಾಗ. ಗಾಡಿಗೇ ಆದ ಹಾನಿ ಇದರೊಳಗೆ ಬರೋದಿಲ್ಲ, ಅದಕ್ಕೆ ಮೇಲೆ ಹೇಳಿದ ದೋಷದ ದೂರೇ ದಾರಿ. ಅಂದು ಕಾಕಾ ಹೊಲಕ್ಕೆ ಇಳಿಸದೇ ಇದ್ದಿದ್ದರೆ ಈ ಅಧ್ಯಾಯ ನಮ್ಮ ಮನೆಗೆ ಬೇಕಾಗುತ್ತಿತ್ತು.

ಹಾನಿಯಾದ ಪ್ರಕರಣಗಳಲ್ಲಿ ನಮ್ಮಂಥವರು ಓದಲೇಬೇಕಾದದ್ದು 2022ರ ಹುಂಡೈ ತೀರ್ಪು. 2015ರಲ್ಲಿ ದಿಲ್ಲಿಯ ಗ್ರಾಹಕರೊಬ್ಬರು ಕ್ರೆಟಾ ಕೊಂಡರು. 2017ರಲ್ಲಿ ಅಪಘಾತ, ಏರ್‌ಬ್ಯಾಗ್ ತೆರೆಯಲಿಲ್ಲ, ತಲೆ ಎದೆಗೆ ಪೆಟ್ಟು. ತೆರೆಯುವಷ್ಟು ಬಲದ ಡಿಕ್ಕಿ ಆಗಿರಲಿಲ್ಲ ಅನ್ನೋದು ಕಂಪನಿಯ ವಾದ. ವೇಗ, ಬಲ ಲೆಕ್ಕಹಾಕಿ ಡಿಕ್ಕಿಯ ಪರಿಣಾಮ ಹೇಳಲು ಗ್ರಾಹಕನೇನು ಭೌತಶಾಸ್ತ್ರದ ಪರಿಣತನಲ್ಲ ಅನ್ನೋ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ ಹೇಳಿತು. ವೈದ್ಯಕೀಯ ವೆಚ್ಚ ಮತ್ತು ದುಡಿಮೆಯ ನಷ್ಟಕ್ಕೆ 2 ಲಕ್ಷ, ಮಾನಸಿಕ ಯಾತನೆಗೆ 50 ಸಾವಿರ, ಕೋರ್ಟ್ ಖರ್ಚಿಗೆ 50 ಸಾವಿರ, ಜೊತೆಗೆ ಗಾಡಿ ಬದಲಿ ಕೊಡಬೇಕು ಅನ್ನೋ ಆದೇಶವನ್ನು ಎತ್ತಿಹಿಡಿಯಿತು. ಫಿಸಿಕ್ಸ್‌ನಲ್ಲಿ ಕ್ಯಾರಿ ಓವರ್ ಇರುವ ಗೆಳೆಯನಿಗೆ ಹೇಳಿದೆ, ಅವನಿಗೆ ಭಾರೀ ಖುಷಿಯಾಯ್ತು.

ಆದರೆ ಇಂಥ ಸಡಿಲಿಕೆ ಎಲ್ಲ ಕೇಸಿಗೂ ಸಿಗೋದಿಲ್ಲ. ಏರ್‌ಬ್ಯಾಗ್ ತೆರೆಯದ್ದು ಕಣ್ಣಿಗೆ ಕಾಣುವ ಸತ್ಯ. ಬಿಸಿಯಾದಾಗ ಮಾತ್ರ ಬಂದ್ ಬೀಳುವ ಬೈಕು ಹಾಗಲ್ಲ. ಪರೀಕ್ಷೆ ಮಾಡದೆ ದೋಷ ತಿಳಿಯೋದಿಲ್ಲ ಅಂತಾದರೆ ಆಯೋಗ ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸಬೇಕು, 45 ದಿನದಲ್ಲಿ ವರದಿ ಬರಬೇಕು ಅಂತ ಕಲಂ 38 ಹೇಳುತ್ತದೆ. ಪರೀಕ್ಷೆಯ ಶುಲ್ಕ ಮೊದಲು ದೂರುದಾರನೇ ಕಟ್ಟಬೇಕು. ಬೈಕು, ಕಾರುಗಳ ವಿಷಯದಲ್ಲಿ ಆರ್‌ಟಿಒ ಇನ್‌ಸ್ಪೆಕ್ಟರನ್ನೋ ಇಂಜಿನಿಯರಿಂಗ್ ಕಾಲೇಜಿನ ಮೆಕಾನಿಕಲ್ ವಿಭಾಗದ ಪ್ರಾಧ್ಯಾಪಕರನ್ನೋ ಪರಿಣತರಾಗಿ ನೇಮಿಸುವುದೂ ಉಂಟು. ನಮಗೆ ಐಸಿ ಇಂಜಿನ್ ಲ್ಯಾಬ್ ತೆಗೆದುಕೊಳ್ಳುವ ಸರ್ ಅವರ ಒಂದು ಪುಟದ ವರದಿಯ ಮೇಲೆ ಯಾರದೋ ಮನೆಯ ಲಕ್ಷ ರೂಪಾಯಿ ನಿಂತಿರಬಹುದು. ಇನ್ನು ಹತ್ತು ವರ್ಷಕ್ಕೆ ಆ ಕುರ್ಚಿಯಲ್ಲಿ ನಮ್ಮಲ್ಲೇ ಯಾರಾದರೂ ಇರುತ್ತಾರೆ.

ಎಲ್ಲಿ, ಯಾವಾಗ, ಯಾರ ಮೇಲೆ

ನಮ್ಮ ಗಡಿ ತಾಲ್ಲೂಕಿನವರಿಗೆ ಒಂದು ವಿಷಯ ಮುಖ್ಯ. ಅಫಜಲಪುರದ ಎಷ್ಟೋ ಜನ ಸೋಲಾಪುರಕ್ಕೆ ಹೋಗಿ ಗಾಡಿ ನೋಡುವವರು. ಹಳೆಯ 1986ರ ಕಾಯ್ದೆಯಲ್ಲಿ ಎದುರುದಾರ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಗಾಡಿ ಸೋಲಾಪುರದ್ದಾದರೂ ಕಲಬುರಗಿಯ ಜಿಲ್ಲಾ ಆಯೋಗ ಸಾಕು. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ನೋಡುತ್ತದೆ, ಅಂದ್ರೆ ನಮ್ಮ ನಿಮ್ಮ ಮನೆಗೆ ಬರುವ ಗಾಡಿಗಳೆಲ್ಲ ಅದರೊಳಗೇ. ವಕೀಲರು ಕಡ್ಡಾಯವಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು, ಮೊದಲು ಇ-ದಾಖಿಲ್ ಇತ್ತು, 2025ರಿಂದ ಇ-ಜಾಗೃತಿ ಪೋರ್ಟಲ್.

ಅವಧಿ ಎರಡು ವರ್ಷ, ತಕರಾರಿಗೆ ಕಾರಣ ಹುಟ್ಟಿದ ದಿನದಿಂದ. ತಡವಾದರೆ ಸರಿಯಾದ ಕಾರಣ ಕೊಟ್ಟು ಮನ್ನಾ ಕೇಳಬಹುದು, ಸಿಗಬಹುದು, ಸಿಗದೆಯೂ ಇರಬಹುದು. ಕಂಪನಿಯವರ ಜೊತೆ ಮೇಲ್ ಮೇಲೆ ಮೇಲ್ ಬರೀತಾ ಕೂತರೆ ಗಡಿಯಾರ ನಿಲ್ಲೋದಿಲ್ಲ. ಕಾಯ್ದೆಯ ಪ್ರಕಾರ ಎದುರುದಾರರಿಗೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕು. ವಾಸ್ತವ ಬೇರೆ. ಹುಂಡೈ ಕೇಸಿನಲ್ಲಿ ಅಪಘಾತದಿಂದ ಕೊನೆಯ ತೀರ್ಪಿಗೆ ನಾಲ್ಕೂವರೆ ವರ್ಷ ಹಿಡಿಯಿತು. ಅಷ್ಟು ದಿನ ಕಾಯುವ ಶಕ್ತಿ ಕಿರಾಣಿ ಅಂಗಡಿಯವನಿಗೆ ಇದೆಯಾ ಅನ್ನೋದು ಕಾನೂನು ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಅದಕ್ಕೇ ಆಯೋಗಕ್ಕೆ ಹೋಗುವ ಮುಂಚೆಯೇ ಬಗೆಹರಿದರೆ ಲೇಸು ಅಂತ ನನ್ನ ಅಭಿಪ್ರಾಯ.

ಯಾರ ಮೇಲೆ ದೂರು ಅನ್ನೋದರಲ್ಲೂ ಜನ ಎಡವುತ್ತಾರೆ. ಡೀಲರ್, ತಯಾರಕ ಇಬ್ಬರನ್ನೂ ಸೇರಿಸಬೇಕು. ಗೋವಾದ ಒಂದು ಪ್ರಕರಣದಲ್ಲಿ 2011ರಲ್ಲಿ ಹೊಸದು ಅಂತ ಕೊಂಡ ಟಾಟಾ ಕಾರು 2009ರಲ್ಲಿ ತಯಾರಾದದ್ದು, ಆಗಲೇ 622 ಕಿಲೋಮೀಟರ್ ಓಡಿದ್ದು ಅಂತ ಗೊತ್ತಾಯ್ತು. ಡೀಲರ್ ಮಾಡಿದ ತಪ್ಪು ತಯಾರಕನಿಗೆ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷ್ಯವಿಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಕಂಪನಿಯನ್ನು ಹೊಣೆಯಿಂದ ಬಿಟ್ಟಿತು. ಆದ್ದರಿಂದ ಡೆಲಿವರಿ ದಿನ ಸೆಲ್ಫಿ ಆಮೇಲೆ, ಮೊದಲು ಫಾರ್ಮ್ 21 ನೋಡಿ. ಅದು ಮಾರಾಟ ಪ್ರಮಾಣಪತ್ರ, ತಯಾರಾದ ತಿಂಗಳು ಮತ್ತು ವರ್ಷ ಅದರಲ್ಲಿರುತ್ತದೆ. ಚಾಸಿ ನಂಬರ್ ತಾಳೆ ಮಾಡಿ, ಓಡೋಮೀಟರ್ ಫೋಟೋ ತೆಗೆಯಿರಿ.

ಗಾಡಿ ಅಪ್ಪನ ಹೆಸರಲ್ಲಿದ್ದು ಓಡಿಸೋದು ಮಗ ಅಂತಿದ್ದರೆ? ಕೊಂಡವರ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ. ವ್ಯಾಪಾರಕ್ಕೆ ಕೊಂಡ ಗಾಡಿಗೆ ಈ ಕಾಯ್ದೆ ಅನ್ವಯಿಸೋದಿಲ್ಲ ಅಂತ ಶೋರೂಮಿನವರು ಹೆದರಿಸುವುದುಂಟು. ಅರ್ಧ ಸತ್ಯ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತಲೇ ಕೊಂಡು ತಾನೇ ಬಳಸುವ ವಸ್ತುವನ್ನು ಕಾಯ್ದೆ ಈ ಹೊರಗಿಡುವಿಕೆಯಿಂದ ಉಳಿಸಿದೆ. ತನ್ನ ಗೂಡ್ಸ್ ಆಟೋ ತಾನೇ ಓಡಿಸುವವನು, ತನ್ನ ಹೊಲಕ್ಕೆ ಟ್ರ್ಯಾಕ್ಟರ್ ತಂದ ರೈತ ಧೈರ್ಯವಾಗಿ ಹೋಗಬಹುದು. ಹತ್ತು ಲಾರಿ ಇಟ್ಟವರ ಮಾತು ಬೇರೆ.

ಇಎಂಐ ನಿಲ್ಲಿಸಬೇಡಿ. ಗಾಡಿ ಕೆಟ್ಟಿದ್ದು ಫೈನಾನ್ಸ್‌ನವರ ತಪ್ಪಲ್ಲ. ಅವರು ಗಾಡಿ ಎತ್ತಿಕೊಂಡು ಹೋದರೆ ಪರೀಕ್ಷೆಗೆ ಕೊಡೋಕೂ ನಿಮ್ಮ ಕೈಲಿ ಗಾಡಿ ಇರೋದಿಲ್ಲ. ಇನ್ನು ನಮ್ಮ ಕ್ಯಾಂಪಸ್ ಹುಲಿಗಳಿಗೆ: ಸೈಲೆನ್ಸರ್ ಬದಲಿಸೋದು, ವೈರ್ ಕತ್ತರಿಸಿ ಎಲ್‌ಇಡಿ ಹಾಕಿಸೋದು ವಾರಂಟಿ ಮುಗಿಯುವವರೆಗಾದರೂ ಬೇಡ. ಕತ್ತರಿಸಿದ ಒಂದು ವೈರಿನ ಫೋಟೋ ತೆಗೆದುಕೊಂಡರೆ ಸಾಕು, ಎಲ್ಲ ದೋಷವೂ ನಿಮ್ಮದೇ ಆಗುತ್ತದೆ.

ರೀಕಾಲ್ ಬಗ್ಗೆ ಚಿಕ್ಕದಾಗಿ. 2019ರ ತಿದ್ದುಪಡಿಯ ಕಲಂ 110ಎ, 2021ರ ಏಪ್ರಿಲ್‌ನಿಂದ ನಿಯಮಗಳ ಸಮೇತ ಜಾರಿಯಲ್ಲಿದೆ. ಒಂದೇ ಮಾದರಿಯ ಗಾಡಿಗಳಲ್ಲಿ ಜನರಿಗೆ ಅಥವಾ ಪರಿಸರಕ್ಕೆ ಅಪಾಯ ತರುವ ದೋಷವಿದ್ದರೆ, ನಿಗದಿತ ಸಂಖ್ಯೆಯ ಮಾಲೀಕರು ದೂರಿದಾಗ ಕೇಂದ್ರ ಸರ್ಕಾರ ಗಾಡಿಗಳನ್ನು ವಾಪಸ್ ಕರೆಸಿ ಎಂದು ಕಂಪನಿಗೆ ಆದೇಶಿಸಬಹುದು. ಗಾಡಿಗೆ ಏಳು ವರ್ಷ ಮೀರಿರಬಾರದು. ಅದಕ್ಕೂ ಮುಂಚೆ 2012ರಿಂದ ಕಂಪನಿಗಳು ತಾವಾಗಿ ರೀಕಾಲ್ ಮಾಡುವ ಪದ್ಧತಿ ಇತ್ತು, ಈಗಲೂ ಇದೆ. 2022ರ ಏಪ್ರಿಲ್‌ನಲ್ಲಿ ಬೆಂಕಿ ಪ್ರಕರಣಗಳ ನಂತರ ಓಕಿನಾವಾ 3,215, ಓಲಾ 1,441 ಸ್ಕೂಟರ್ ವಾಪಸ್ ಕರೆಸಿದವು. ನಿಮ್ಮ ಗಾಡಿ ಅಂಥ ಪಟ್ಟಿಯಲ್ಲಿದೆಯಾ ಅಂತ ಚಾಸಿ ನಂಬರ್ ಹಾಕಿ ಕಂಪನಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಮತ್ತೆ ಕಾಕಾನ ಬೈಕು

ನಾವು ಮಾಡಿದ್ದು ಸರಳ. ಅಂಗಡಿಯ ಉದ್ರಿ ವಹಿಯ ಪಕ್ಕದಲ್ಲೇ ಇನ್ನೊಂದು ನೋಟ್‌ಬುಕ್ ಇಟ್ಟೆವು. ಗಾಡಿ ಬಂದ್ ಬಿದ್ದಾಗಲೆಲ್ಲ ತಾರೀಖು, ಓಡೋಮೀಟರ್, ನಿಲ್ಲಿಸದೆ ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯ್ತು, ಇಷ್ಟು ಬರೆಯೋದು. ತಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ: ಮೀಟರ್ ತೋರಿಸಿ, ಸೆಲ್ಫ್ ಹಾಕಿ, ಸ್ಟಾರ್ಟ್ ಆಗದ್ದನ್ನ ತೋರಿಸಿ, ಕಟ್ ಮಾಡದೆ ಕಾಯೋದು. ಹನ್ನೊಂದು ಸಲ ಬರೆದ ಮೇಲೆ ಪ್ಯಾಟರ್ನ್ ಕಣ್ಣಿಗೆ ಹೊಡೆಯಿತು. 25ರಿಂದ 30 ಕಿಲೋಮೀಟರ್ ಒಂದೇ ಸಮನೆ ಓಡಿದರೆ ಬಂದ್, ಸುಮಾರು 20 ನಿಮಿಷ ತಣ್ಣಗಾದರೆ ಚಾಲೂ. ಪೆಟ್ರೋಲ್ ಕೆಟ್ಟಿದ್ದರೆ ಗಡಿಯಾರ ನೋಡಿಕೊಂಡು ಕೆಡುತ್ತದಾ?

ಆ ಪಟ್ಟಿ, ವಿಡಿಯೋ, ಎರಡು ಜಾಬ್ ಕಾರ್ಡು, ಇನ್ವಾಯ್ಸ್ ಎಲ್ಲ ಸೇರಿಸಿ ಡೀಲರಿಗೂ ಕಂಪನಿಗೂ ಒಂದೇ ಮೇಲ್ ಕಳಿಸಿದೆವು. ಜಾಬ್ ಕಾರ್ಡ್ ಇಲ್ಲದ ಮೂರು ಭೇಟಿಗಳ ತಾರೀಖನ್ನೂ ಬರೆದು, ಆ ದಿನ ಹೋದ ಬಸ್ ಟಿಕೆಟ್ ಇರಲಿಲ್ಲವಾದ್ದರಿಂದ ಸರ್ವಿಸ್ ಸೆಂಟರಿಗೆ ಮಾಡಿದ ಫೋನ್ ಕಾಲ್‌ಗಳ ಸ್ಕ್ರೀನ್‌ಶಾಟ್ ಇಟ್ಟೆವು. 15 ದಿನದಲ್ಲಿ ಸರಿಮಾಡದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ ಅಂತ ಕೊನೆಗೆ ಒಂದು ಸಾಲು. ಒಂಬತ್ತನೇ ದಿನ ಕಂಪನಿಯ ಏರಿಯಾ ಇಂಜಿನಿಯರ್ ಬಂದ್ರು. ಹಾಟ್ ಏರ್ ಗನ್ ಹಿಡಿದು ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಬಿಸಿ ಮಾಡಿ ಮಲ್ಟಿಮೀಟರ್ ಹಚ್ಚಿದರೆ ಸರ್ಕ್ಯೂಟ್ ಓಪನ್. ತಣ್ಣಗಾದರೆ ರೀಡಿಂಗ್ ಸರಿ. ಬೆರಳುದ್ದದ ಒಂದು ಭಾಗ ಎಂಟು ತಿಂಗಳು ಆಟ ಆಡಿಸಿತ್ತು. ಉಚಿತವಾಗಿ ಬದಲಿಸಿಕೊಟ್ರು. ಈ ಸಲ ಜಾಬ್ ಕಾರ್ಡಿನ ಮೇಲೆ ದೂರನ್ನು ಕಾಕಾನೇ ಹೇಳಿ ಬರೆಸಿದ್ರು, ಓದಿಸಿ ಕೇಳಿದ ಮೇಲೇ ಸಹಿ ಹಾಕಿದ್ರು.

ಗಾಡಿ ಈಗ ಓಡುತ್ತಿದೆ. ಕಾಕು ಇನ್ನೂ ಹಿಂದೆ ಕೂರೋದಿಲ್ಲ. ಅಂಗಡಿ ಮುಚ್ಚಿದ ದಿನಗಳಿಗೆ, ಆ ಹೊಲಕ್ಕಿಳಿದ ದಿನಕ್ಕೆ ಪರಿಹಾರ ಕೇಳಬಹುದು ಅಂತ ನಾನು ಹೇಳಿದ್ದೇನೆ. ಮೊದಲ ಸಲ ಬಂದ್ ಬಿದ್ದ ದಿನದಿಂದ ಎಣಿಸಿದರೂ ಇನ್ನೂ ಏಳು ತಿಂಗಳು ಟೈಮಿದೆ. “ನೋಡೂಣು ತಮ್ಮಾ, ತೊಗರಿ ರಾಶಿ ಆಗಲಿ” ಅಂದಿದ್ದಾರೆ. ನೋಟ್‌ಬುಕ್ಕು, ಕಾರ್ಡುಗಳು ಅಂಗಡಿಯ ಲಕ್ಷ್ಮೀ ಫೋಟೋ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿವೆ.